ಘಟ್ಟ ಇಳಿಯುವ ವಿಮಾನ

ಮಡಿಕೇರಿಯಿಂದ ಸುಳ್ಯದ ಕಡೆಗೆ ಬಸ್ಸಿನಲ್ಲಿ ಬಂದವರು ಒಂದು ವಿಷಯವನ್ನು ಗಮನಿಸಿರುತ್ತೀರಿ. ಸಂಪಾಜೆ ಘಾಟಿಯ ಇಳಿಜಾರು ಆರಂಭವಾಗುತ್ತಿದ್ದಂತೆಯೇ ಚಾಲಕ ಗೇರನ್ನು ಕೆಳಕ್ಕಿಳಿಸುತ್ತಾನೆ. ಅಷ್ಟರವರೆಗೆ ಹಾಯಾಗಿ ಓಡುತ್ತಿದ್ದ ಬಸ್ಸು ಒಮ್ಮೆಲೇ ಗುರ್ರೆನ್ನತೊಡಗುತ್ತದೆ. ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಮಗು ಎಚ್ಚರಗೊಂಡು ಅಳುತ್ತದೆ. ನಮಗೆ ಬಸ್ಸು ಕೆಟ್ಟಿತೇನೋ ಎಂದು ಭಯ. ಆದರೆ ಆ ಸದ್ದೇ ನಮ್ಮನ್ನು ಕಾಯುವ ಸದ್ದು. ಬರೇ ಬ್ರೇಕನ್ನು ನಂಬಿ ಘಾಟಿ ಇಳಿಯುವ ಚಾಲಕನ ಬ್ರೇಕು ಅರ್ಧ ದಾರಿಯಲ್ಲೇ ಕಾದು ಕೈಕೊಡುತ್ತದೆ. ತಿಳಿದವನು ಎಂಜಿನ್ನಿನಿಂದಲೇ ಬಸ್ಸನ್ನು ಹಿಡಿದಿಡುತ್ತಾನೆ.

ರೆಕ್ಕೆಯ ಕೆಳಗೆ ದೊಡ್ಡ ಫ್ಯಾನು ತಿರುಗುವ ಸಣ್ಣ ವಿಮಾನದಲ್ಲಿ ನೀವು ಬೆಂಗಳೂರಿನಿಂದ ಮಂಗಳೂರಿಗೆ ಬಂದಿದ್ದರೆ ಇಂತಹದೇ ಒಂದು ಗಳಿಗೆ ನಿಮಗೆ ನೆನಪಿರಬಹುದು. ಹೊರಟು ಮುಕ್ಕಾಲು ಗಂಟೆಯೂ ಆಗಿರುವುದಿಲ್ಲ. ಕೆಳಗೆ ಘಟ್ಟದ ಕಾಡು ಹಸಿರು ಕಂಬಳಿ ಹಾಸಿದಂತೆ ಕಾಣುತ್ತಿರುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಧ್ವನಿ ಬದಲಾಗುತ್ತದೆ. ಮೂಗು ಕೆಳಗೆ ಬಾಗುತ್ತದೆ. ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಪಕ್ಕದ ಸೀಟಿನ ಅಪರಿಚಿತ ಮಹಿಳೆ ನಿಮ್ಮ ಕೈ ಹಿಡಿದುಕೊಳ್ಳುತ್ತಾರೆ. ನಾನು ಹಾಗೆ ಇನ್ನೊಬ್ಬರ ಕೈ ಹಿಡಿದವಳೇ. ಆಮೇಲೆ ನಾಚಿಕೆಯಾಗಿ ಕ್ಷಮೆ ಕೇಳಿದ್ದೂ ಇದೆ.

ನಮ್ಮ ಮನೆಗಳಲ್ಲಿ ವಿಮಾನ ಹತ್ತದವರು ಯಾರಿದ್ದಾರೆ ಹೇಳಿ? ಗಂಡ ದುಬೈಯಲ್ಲಿ, ಮಗ ದಮ್ಮಾಮಿನಲ್ಲಿ, ಮಗಳನ್ನು ಕೊಟ್ಟದ್ದು ಮಸ್ಕತ್‌ಗೆ. ಉಮ್ರಾಕ್ಕೆ ಹೋಗುವ ಅಜ್ಜಿಯಂದಿರೂ ಕಡಿಮೆಯಿಲ್ಲ. ಆದರೆ ವಿಮಾನ ಹೇಗೆ ಇಳಿಯುತ್ತದೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಗೊತ್ತಿಲ್ಲದ ಕಡೆ ಭಯ ತಾನಾಗಿ ಬಂದು ಕೂರುತ್ತದೆ. ನನ್ನಲ್ಲಿ ಭಯದ ಜೊತೆಗೆ ಕೋಪವೂ ಬಂದು ಕೂತಿತ್ತು.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ, ಉಮ್ಮ ನಮ್ಮನ್ನಗಲಿದರು. ಅಕ್ಕ ಇದ್ದದ್ದು ಶಾರ್ಜಾದಲ್ಲಿ. ನೇರ ವಿಮಾನದಲ್ಲಿ ಸೀಟು ಸಿಗದೆ ಬೆಂಗಳೂರಿಗೆ ಬಂದು ಅಲ್ಲಿಂದ ಸಣ್ಣ ವಿಮಾನ ಹತ್ತಿದಳು. ಅಸರ್ ಹೊತ್ತಿಗೆ ಮಂಗಳೂರು, ಮಗ್ರಿಬ್ ಕಳೆದು ಸ್ವಲ್ಪ ಹೊತ್ತಿಗೆ ಪಂಜ ಎಂದು ನಾವು ಲೆಕ್ಕ ಹಾಕಿ ಕೂತಿದ್ದೆವು. ವಿಮಾನ ಮಂಗಳೂರಿನ ಮೇಲೆ ಬಂತು. ಮಳೆ ಸ್ವಲ್ಪ ಬಿಡಲಿ ಎಂದು ಸುತ್ತು ಹೊಡೆಯಿತು. ಇಳಿಯತೊಡಗಿತು. ತೆಂಗಿನ ತಲೆಗಳು ಕಾಣುವಷ್ಟು ಕೆಳಗೆ ಬಂದು, ಒಮ್ಮೆಲೇ ಭೋರೆಂದು ಮೇಲೆದ್ದಿತು. ಮತ್ತೊಮ್ಮೆಯೂ ಹಾಗೆಯೇ. ಆಮೇಲೆ ಪೈಲಟ್ ಮೈಕಿನಲ್ಲಿ, ಮಳೆ ದಟ್ಟವಾಗಿದೆ, ಸರಿಯಾಗಿ ಇಳಿಯಲು ಆಗುತ್ತಿಲ್ಲ, ಬೆಂಗಳೂರಿಗೆ ಹಿಂತಿರುಗುತ್ತೇವೆ ಎಂದು ಹೇಳಿ ಮುಗಿಸಿದರು. ಅಕ್ಕ ಬೆಂಗಳೂರಿನಲ್ಲಿ ಕಾರು ಹಿಡಿದು ರಾತ್ರಿಯಿಡೀ ಘಾಟಿ ಇಳಿದು ಸುಬುಹಿಗೆ ಮನೆ ತಲುಪಿದಾಗ ದಫನ ಮುಗಿದು ಹಲವು ಗಂಟೆಗಳಾಗಿದ್ದವು. ಮಯ್ಯಿತ್ತನ್ನು ಹೆಚ್ಚು ಹೊತ್ತು ಇಡಬಾರದೆಂದು ಹಿರಿಯರು ನಿರ್ಧರಿಸಿದ್ದರು, ಅದು ಸರಿಯೂ ಹೌದು. ಅಕ್ಕ ಅಂಗಳದಲ್ಲಿ ನಿಂತು ಹೇಳಿದ ಮಾತು ಇಷ್ಟೇ: "ತೆಂಗಿನ ಮರ ಕಾಣುತ್ತಿತ್ತು. ಅಷ್ಟು ಕೆಳಗೆ ಬಂದವರಿಗೆ ಇನ್ನೊಂದು ಸ್ವಲ್ಪ ಇಳಿಯಲಿಕ್ಕೆ ಏನಾಗಿತ್ತು?"

ಆ ಪ್ರಶ್ನೆ ಬಹಳ ದಿನ ನನ್ನೊಳಗೂ ಇತ್ತು. ಇನ್ನೊಂದು ಸ್ವಲ್ಪ ಇಳಿಯಲಿಕ್ಕೆ ಏನಾಗಿತ್ತು? ಉತ್ತರ ಸಿಕ್ಕಿದ್ದು ವಿಮಾನ ದುರಸ್ತಿಯ ಕೋರ್ಸ್ ಓದಿದ ಅಕ್ಕನ ಮಗನಿಂದಲೇ. ರಜೆಯಲ್ಲಿ ಬಂದಾಗ ಅವನು ನಮ್ಮ ಜಗಲಿಯಲ್ಲಿ ಕೂತು ಮೇಜಿನ ಫ್ಯಾನು, ಊಟದ ಬಟ್ಟಲು ಇಟ್ಟುಕೊಂಡು ಪಾಠ ಮಾಡಿದ. ಆಮೇಲೆ ನಾನೂ ಒಂದಿಷ್ಟು ಓದಿಕೊಂಡೆ. ಶಿಕ್ಷಕಿಯಾದವಳಿಗೆ ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ ನೋಡಿ.

ಮೂರರ ಮಗ್ಗಿ

ವಿಮಾನ ಇಳಿಯುವುದೆಂದರೆ ಬೀಳುವುದಲ್ಲ. ಅದೊಂದು ರಸ್ತೆ. ಕಣ್ಣಿಗೆ ಕಾಣದ ರಸ್ತೆ, ಅಷ್ಟೇ. ಜಗತ್ತಿನ ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಆ ರಸ್ತೆಯ ಕೊನೆಯ ಭಾಗದ ಇಳಿಜಾರು 3 ಡಿಗ್ರಿ. ಅಂದರೆ 100 ಮೀಟರ್ ಮುಂದೆ ಹೋಗುವಾಗ 5 ಮೀಟರಿನಷ್ಟು ಕೆಳಗೆ. ನಮ್ಮ ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ಸಕಲೇಶಪುರಕ್ಕೆ 57 ಸುರಂಗಗಳನ್ನು ಹಾದು ಹತ್ತುವ ರೈಲು ಹಳಿಯ ಏರು 50 ಮೀಟರಿಗೆ 1 ಮೀಟರ್. ವಿಮಾನದ ಇಳಿಜಾರು ಅದರ ಎರಡೂವರೆ ಪಾಲು ಕಡಿದು. ಆದರೂ ನಮ್ಮ ಊರುಗಳಲ್ಲಿ ಮನೆಯಂಗಳಕ್ಕೆ ಇಳಿಯುವ ಕಾಂಕ್ರೀಟು ದಾರಿಗಳನ್ನು ನೋಡಿದರೆ ಅದು ಏನೇನೂ ಅಲ್ಲ.

ಇಳಿಕೆ ಎಲ್ಲಿಂದ ಆರಂಭವಾಗಬೇಕು? ಪೈಲಟ್‌ಗಳು ಇದಕ್ಕೊಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ. ಇಳಿಯಬೇಕಾದ ಪ್ರತಿ 1,000 ಅಡಿಗೆ ಮೂರು ನಾಟಿಕಲ್ ಮೈಲು ದೂರ ಬೇಕು. ಒಂದು ನಾಟಿಕಲ್ ಮೈಲು ಎಂದರೆ 1.85 ಕಿಲೋಮೀಟರ್. ನಾಲ್ಕನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ. ವಿಮಾನ 17,000 ಅಡಿ ಎತ್ತರದಲ್ಲಿದ್ದರೆ ಹದಿನೇಳು ಮೂರಲಿ ಐವತ್ತೊಂದು. 51 ನಾಟಿಕಲ್ ಮೈಲು, ಅಂದರೆ ಸುಮಾರು 95 ಕಿಲೋಮೀಟರ್ ಮೊದಲೇ ಇಳಿಯತೊಡಗಬೇಕು. ಮಂಗಳೂರು ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ ಅಷ್ಟು ದೂರದಲ್ಲಿ ಸಿಗುವುದು ಸಕಲೇಶಪುರ. ಘಟ್ಟದ ನೆತ್ತಿ! ಬಸ್ಸು ಎಲ್ಲಿಂದ ಇಳಿಯಲು ಶುರುಮಾಡುತ್ತದೋ ವಿಮಾನವೂ ಹೆಚ್ಚುಕಡಿಮೆ ಅಲ್ಲಿಂದಲೇ ಇಳಿಯಲು ಶುರುಮಾಡುತ್ತದೆ. ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು. ನಿಮಗೂ ಆಗಲಿ ಎಂದು ಬರೆದೆ.

ಒಂದು ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಎಂಬುದಕ್ಕೂ ಲೆಕ್ಕವಿದೆ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರಾಯಿತು. ವೇಗ 120 ನಾಟ್ ಇದ್ದರೆ ನಿಮಿಷಕ್ಕೆ 600 ಅಡಿ. ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ವಿಮಾನ ಬೇಗ ತಲುಪುತ್ತದೆ, ಹಾಗಾಗಿ ಇನ್ನೂ ಮೊದಲೇ ಇಳಿಯತೊಡಗಬೇಕು. ಎದುರುಗಾಳಿಯಿದ್ದರೆ ಸ್ವಲ್ಪ ತಡವಾದರೂ ನಡೆಯುತ್ತದೆ. ಕಂಪ್ಯೂಟರ್ ಇದನ್ನೆಲ್ಲ ಮಾಡಿಕೊಡುತ್ತದೆ ನಿಜ. ಆದರೂ ಒಳ್ಳೆಯ ಪೈಲಟ್ ಮನಸ್ಸಿನಲ್ಲಿ ಈ ಮಗ್ಗಿ ಹೇಳಿಕೊಳ್ಳುತ್ತಲೇ ಇರುತ್ತಾನೆ. ಅಂಗಡಿಯವನಲ್ಲಿ ಕ್ಯಾಲ್ಕುಲೇಟರ್ ಇದ್ದರೂ ನಾವು ಮನಸ್ಸಿನಲ್ಲಿ ಕೂಡುವುದಿಲ್ಲವೇ, ಹಾಗೆ.

ಫ್ಯಾನು ಹೇಗೆ ಬ್ರೇಕ್ ಆಗುತ್ತದೆ?

ಫ್ಯಾನಿನ ವಿಮಾನ ಎಂದರೆ ಹಳೆಯ ಕಾಲದ್ದು, ದುರ್ಬಲವಾದದ್ದು ಎಂಬ ಭಾವನೆ ನಮ್ಮಲ್ಲಿದೆ. ಅದು ತಪ್ಪು. ಅದರ ಒಳಗಿರುವುದೂ ಜೆಟ್ ವಿಮಾನದಲ್ಲಿರುವಂತಹ ಟರ್ಬೈನ್ ಎಂಜಿನ್ನೇ. ಜೆಟ್‌ನಲ್ಲಿ ಎಂಜಿನ್ ಗಾಳಿಯನ್ನು ಹಿಂದಕ್ಕೆ ರಭಸದಿಂದ ದೂಡಿ ಮುಂದೆ ಹೋಗುತ್ತದೆ. ಇದರಲ್ಲಿ ಅದೇ ಶಕ್ತಿ ದೊಡ್ಡ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಅದಕ್ಕೇ ಟರ್ಬೊಪ್ರಾಪ್ ಎಂಬ ಹೆಸರು. ನಮ್ಮ ಕಡೆ ಬರುವ ಎಟಿಆರ್ 72 ವಿಮಾನದ ಪ್ರೊಪೆಲ್ಲರಿನ ವ್ಯಾಸ ಸುಮಾರು 4 ಮೀಟರ್. ನಿಮ್ಮ ಮನೆಯ ಒಂದು ಕೋಣೆಯಷ್ಟು ಅಗಲ. ಹಾರಾಟದಲ್ಲಿ ಅದು ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗುತ್ತದೆ.

ಮುಖ್ಯ ಸಂಗತಿ ಇರುವುದು ಆ ಎಲೆಗಳಲ್ಲಿ. ನಮ್ಮ ಸೀಲಿಂಗ್ ಫ್ಯಾನಿನ ಎಲೆಯ ಓರೆ ಬದಲಾಗುವುದಿಲ್ಲ, ಜೋರಾಗಿ ಅಥವಾ ಮೆಲ್ಲನೆ ತಿರುಗಬಲ್ಲದು, ಅಷ್ಟೇ. ವಿಮಾನದ ಪ್ರೊಪೆಲ್ಲರ್ ಇದಕ್ಕೆ ತಿರುವುಮುರುವು. ಅದು ತಿರುಗುವ ವೇಗ ಹೆಚ್ಚು ಬದಲಾಗುವುದಿಲ್ಲ, ಎಲೆಗಳ ಓರೆ ಬದಲಾಗುತ್ತಾ ಇರುತ್ತದೆ. ಶಕ್ತಿ ಬೇಕಾದಾಗ ಎಲೆಗಳು ಓರೆಯಾಗಿ ನಿಂತು ಗಾಳಿಯನ್ನು ದೊಡ್ಡ ತುತ್ತಾಗಿ ಕಚ್ಚುತ್ತವೆ. ಪೈಲಟ್ ಶಕ್ತಿಯ ಲಿವರನ್ನು ಹಿಂದಕ್ಕೆ ಎಳೆದಾಗ ಎಲೆಗಳು ಚಪ್ಪಟೆಯಾಗುತ್ತವೆ. ಆಗ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ಬದಲು ಎದುರಿನ ಗಾಳಿಯೇ ಅದನ್ನು ತಿರುಗಿಸತೊಡಗುತ್ತದೆ. ಆ 4 ಮೀಟರಿನ ಚಕ್ರ ಗಾಳಿಗೆ ಅಡ್ಡ ಹಿಡಿದ ದೊಡ್ಡ ತಟ್ಟೆಯಂತಾಗುತ್ತದೆ. ಓಡುವ ಜೀಪಿನ ಕಿಟಕಿಯಿಂದ ಊಟದ ಬಟ್ಟಲನ್ನು ಅಂಚು ಮುಂದೆ ಮಾಡಿ ಹಿಡಿದು ನೋಡಿ, ಗಾಳಿ ಸೀಳಿ ಹೋಗುತ್ತದೆ. ಮುಖ ಮುಂದೆ ಮಾಡಿ ಹಿಡಿದರೆ ಕೈ ಕಿತ್ತು ಹೋಗುವಂತಾಗುತ್ತದೆ. (ದಯವಿಟ್ಟು ನಿಜವಾಗಿಯೂ ಮಾಡಬೇಡಿ. ನಮ್ಮ ಹುಡುಗ ಮಾಡಲು ಹೋಗಿ ಒಂದು ಒಳ್ಳೆಯ ಸ್ಟೀಲ್ ಬಟ್ಟಲು ತೋಡಿಗೆ ಬಿತ್ತು.)

ಇದೇ ಘಾಟಿಯ ಎರಡನೇ ಗೇರು. ಜೆಟ್ ವಿಮಾನಕ್ಕೆ ಈ ಸೌಕರ್ಯ ಇಷ್ಟಿಲ್ಲ. ಅದರ ಮೈ ನುಣುಪು, ಶಕ್ತಿ ತಗ್ಗಿಸಿದರೂ ಜಾರುತ್ತಲೇ ಹೋಗುತ್ತದೆ. ಬೇಗ ಇಳಿಯುವುದು ಮತ್ತು ವೇಗ ತಗ್ಗಿಸುವುದು ಇವೆರಡನ್ನು ಒಟ್ಟಿಗೆ ಮಾಡುವುದು ಅದಕ್ಕೆ ಕಷ್ಟ. ಟರ್ಬೊಪ್ರಾಪ್ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ಗುಡ್ಡಗಾಡಿನ ಗಿಡ್ಡ ರನ್‌ವೇಗಳಿಗೆ ಇಂತಹ ವಿಮಾನಗಳನ್ನೇ ಕಳುಹಿಸುವುದಕ್ಕೆ ಇದೂ ಒಂದು ಕಾರಣ. ನೇಪಾಳದ ಲುಕ್ಲಾದಲ್ಲಿ ರನ್‌ವೇಯ ಉದ್ದ ಬರೇ 527 ಮೀಟರ್, ಅದೂ ಏರುದಾರಿಯಂತೆ ಓರೆಯಾಗಿದೆ. ಒಂದು ತುದಿಯಲ್ಲಿ ಕಣಿವೆ, ಇನ್ನೊಂದು ತುದಿಯಲ್ಲಿ ಬೆಟ್ಟ. ಎವರೆಸ್ಟ್ ಹತ್ತುವವರು ಅಲ್ಲಿಗೆ ಹೋಗುವುದು ಸಣ್ಣ ಟರ್ಬೊಪ್ರಾಪ್‌ಗಳಲ್ಲೇ. ಲಂಡನ್ ಪೇಟೆಯ ನಡುವಿನ ಸಿಟಿ ವಿಮಾನ ನಿಲ್ದಾಣ 1987ರಲ್ಲಿ ತೆರೆದಾಗ ಅಲ್ಲಿಯ ಇಳಿಜಾರು ಏಳೂವರೆ ಡಿಗ್ರಿ ಇತ್ತು. ನಾಲ್ಕು ಪ್ರೊಪೆಲ್ಲರಿನ ಡ್ಯಾಶ್ 7 ಎಂಬ ವಿಮಾನಗಳು ಅಲ್ಲಿ ಇಳಿಯುತ್ತಿದ್ದವು. ಬಳಿಕ ಅದನ್ನು ಐದೂವರೆ ಡಿಗ್ರಿಗೆ ಇಳಿಸಿದ ಮೇಲೆಯೇ ಜೆಟ್‌ಗಳು ಬರತೊಡಗಿದವು.

ಪ್ರೊಪೆಲ್ಲರಿನ ಜೊತೆಗೆ ಇನ್ನೆರಡು ಉಪಾಯಗಳಿವೆ. ಒಂದು, ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಫ್ಲಾಪ್. ಅದು ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುತ್ತದೆ, ಗಾಳಿಗೂ ಅಡ್ಡವಾಗುತ್ತದೆ. ಇನ್ನೊಂದು, ಚಕ್ರಗಳು. ಇಳಿಯುವ ಮೊದಲು ಕಾಲಡಿಯಲ್ಲಿ ದಡಕ್ಕನೆ ಸದ್ದಾಗುತ್ತದಲ್ಲ, ಅದು ಚಕ್ರ ಹೊರಬರುವ ಸದ್ದು. ಎತ್ತರ ಹೆಚ್ಚಾಯಿತೆಂದು ಕಂಡರೆ ಪೈಲಟ್ ಚಕ್ರವನ್ನು ಬೇಗನೆ ಇಳಿಸಿ ಗಾಳಿಯ ತಡೆ ಹೆಚ್ಚಿಸಿಕೊಳ್ಳಬಹುದು. ಆದರೆ ಪ್ರತಿಯೊಂದಕ್ಕೂ ವೇಗದ ಮಿತಿಯಿದೆ. ಎಟಿಆರ್ 72ರಲ್ಲಿ ವೇಗ 170 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 315 ಕಿಲೋಮೀಟರಿಗೆ ಇಳಿಯದೆ ಚಕ್ರ ಬಿಡುವಂತಿಲ್ಲ. ಆದ್ದರಿಂದ ಕಡಿದಾಗಿ ಇಳಿಯಬೇಕಾದ ಪೈಲಟ್ ಮಾಡುವ ಮೊದಲ ಕೆಲಸ ಮೂಗು ತಗ್ಗಿಸುವುದಲ್ಲ, ವೇಗ ತಗ್ಗಿಸುವುದು. ಆಮೇಲೆ ಫ್ಲಾಪ್, ಚಕ್ರ. ಎಲ್ಲ ಹೊರಬಂದ ಮೇಲೆ ಇಳಿಕೆ. ಆಗ ಇಳಿಜಾರು ಕಡಿದಾದರೂ ವೇಗ ಕೈಯಲ್ಲಿರುತ್ತದೆ. ಅವಸರದಲ್ಲಿ ಮೂಗನ್ನು ಮೊದಲೇ ಕೆಳಗೆ ಮಾಡಿದರೆ ವೇಗ ಏರುತ್ತದೆ, ಫ್ಲಾಪ್ ಬಿಡಲಾಗುವುದಿಲ್ಲ, ಕೊನೆಗೆ ರನ್‌ವೇ ಮೇಲೆ ಬಂದರೂ ನೆಲ ಮುಟ್ಟದೆ ತೇಲುತ್ತಾ ಹೋಗುತ್ತದೆ. ಅಷ್ಟರಲ್ಲಿ ರನ್‌ವೇ ಮುಗಿಯುತ್ತದೆ.

ಇನ್ನೂ ಒಂದು ಉಪಾಯವಿದೆ, ಅತ್ಯಂತ ಸರಳವಾದದ್ದು: ಒಂದು ಸುತ್ತು ಹೊಡೆಯುವುದು. ದಾರಿ ಉದ್ದವಾದರೆ ಇಳಿಜಾರು ತಾನಾಗಿ ಕಡಿಮೆಯಾಗುತ್ತದೆ. ಘಾಟಿ ರಸ್ತೆ ಹಾವಿನಂತೆ ಸುತ್ತುವುದೂ ಅದಕ್ಕೇ ತಾನೇ? ಮಂಗಳೂರಿನ ಮೇಲೆ ವಿಮಾನ ಸುತ್ತು ಹೊಡೆಯುವಾಗ "ಇವನಿಗೆ ದಾರಿ ಗೊತ್ತಿಲ್ಲವೇ" ಎಂದು ಗೊಣಗುವವರ ಪಕ್ಕದಲ್ಲಿ ನೀವು ಕೂತಿದ್ದರೆ ಇದನ್ನು ಹೇಳಿ.

ದಾಟಬಾರದ ಗೆರೆ

ಪ್ರೊಪೆಲ್ಲರ್ ಬ್ರೇಕ್ ಆಗುವುದಕ್ಕೂ ಒಂದು ಗೆರೆಯಿದೆ. ಲಿವರನ್ನು ಒಂದು ಹಂತದವರೆಗೆ ಮಾತ್ರ ಆಕಾಶದಲ್ಲಿ ಎಳೆಯಬಹುದು. ಅಲ್ಲೊಂದು ತಡೆ ಇಟ್ಟಿದ್ದಾರೆ. ಅದರಿಂದ ಹಿಂದಿನ ಭಾಗ ನೆಲಕ್ಕೆ ಮಾತ್ರ. ಚಕ್ರ ರನ್‌ವೇ ಮುಟ್ಟಿದ ಮೇಲೆ ಆ ತಡೆ ದಾಟಿಸಿದರೆ ಎಲೆಗಳು ಇನ್ನೂ ತಿರುಗಿ ಗಾಳಿಯನ್ನು ಮುಂದಕ್ಕೆ ದೂಡುತ್ತವೆ, ವಿಮಾನ ಬೇಗ ನಿಲ್ಲುತ್ತದೆ. ಇಳಿದ ಕೂಡಲೇ ಕೇಳುವ ಆ ಭಾರೀ ಅಬ್ಬರ ಅದೇ. ಅದನ್ನು ಗಾಳಿಯಲ್ಲಿರುವಾಗಲೇ ಮಾಡಿದರೆ?

2002ರ ನವೆಂಬರ್ 6ರಂದು ಯುರೋಪಿನ ಲಕ್ಸೆಂಬರ್ಗ್‌ನಲ್ಲಿ ಅದು ನಡೆಯಿತು. ಬರ್ಲಿನ್‌ನಿಂದ ಬಂದ ಫೋಕರ್ 50 ಎಂಬ ಟರ್ಬೊಪ್ರಾಪ್. ದಟ್ಟ ಮಂಜು. ಇಳಿಯಲಾಗದು ಎಂದುಕೊಂಡಿದ್ದ ಪೈಲಟ್‌ಗಳಿಗೆ ಕೊನೆಯ ಗಳಿಗೆಯಲ್ಲಿ ಮಂಜು ಸ್ವಲ್ಪ ತಿಳಿಯಾಗಿದೆ ಎಂಬ ಸುದ್ದಿ ಬಂತು. ಮನಸ್ಸು ಬದಲಿಸಿದರು. ಆದರೆ ಆಗಲೇ ಎತ್ತರ ಹೆಚ್ಚಾಗಿತ್ತು. ಬೇಗ ಇಳಿಯುವ ಅವಸರದಲ್ಲಿ ಲಿವರ್‌ಗಳು ಆ ತಡೆಯನ್ನು ದಾಟಿದವು. ತಡೆಯ ಜೊತೆಗಿದ್ದ ಇನ್ನೊಂದು ರಕ್ಷಣಾ ವ್ಯವಸ್ಥೆಯೂ ಆ ಕ್ಷಣದಲ್ಲಿ ಕೆಲಸ ಮಾಡಲಿಲ್ಲ. ವಿಮಾನದಲ್ಲಿದ್ದ 22 ಮಂದಿಯಲ್ಲಿ 20 ಮಂದಿ ತೀರಿಕೊಂಡರು.

ನೇಪಾಳದ ಪೋಖರಾದಲ್ಲಿ 2023ರ ಜನವರಿ 15ರಂದು ಎಟಿಆರ್ 72 ಬಿದ್ದು 72 ಮಂದಿ ಮಡಿದದ್ದು ನಿಮಗೆ ನೆನಪಿರಬಹುದು. ಅಲ್ಲಿ ಕಾರಣ ಬೇರೆ. ಫ್ಲಾಪ್‌ನ ಲಿವರ್ ಎಳೆಯುವ ಬದಲು ಪಕ್ಕದ ಲಿವರ್‌ಗಳನ್ನು ಎಳೆದರು. ಎರಡೂ ಪ್ರೊಪೆಲ್ಲರ್‌ಗಳ ಎಲೆಗಳು ಗಾಳಿಗೆ ಅಂಚು ತೋರಿಸಿ ನಿಂತುಬಿಟ್ಟವು. ಎಂಜಿನ್ ತಿರುಗುತ್ತಿತ್ತು, ಶಕ್ತಿ ಮಾತ್ರ ಇರಲಿಲ್ಲ. ಅಡಿಗೆ ಮನೆಯಲ್ಲಿ ಸಕ್ಕರೆ ಡಬ್ಬಿಯ ಬದಲು ಉಪ್ಪಿನ ಡಬ್ಬಿಗೆ ಕೈ ಹಾಕಿದವರು ನಾವೆಲ್ಲ. ಕೈ ಅಭ್ಯಾಸದಿಂದ ಹೋಗುತ್ತದೆ, ಕಣ್ಣು ನೋಡುವುದಿಲ್ಲ. ಅದಕ್ಕಾಗಿಯೇ ಕಾಕ್‌ಪಿಟ್‌ನಲ್ಲಿ ಇಬ್ಬರಿರುವುದು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಗಟ್ಟಿಯಾಗಿ ಹೇಳಬೇಕು.

ನಮ್ಮ ಗುಡ್ಡ

ಮಂಗಳೂರಿನ ವಿಮಾನ ನಿಲ್ದಾಣ ಇರುವುದು ಗುಡ್ಡದ ತಲೆಯನ್ನು ಸಮತಟ್ಟು ಮಾಡಿದ ಜಾಗದಲ್ಲಿ. ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರ. ಮೇಜಿನಂತಹ ರನ್‌ವೇ. ಅಂಚಿನಾಚೆ ಕಣಿವೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಬಂದಿಳಿದು ಅದನ್ನು ಉದ್ಘಾಟಿಸಿದರು. ಆಗಿನ ರನ್‌ವೇ ಸುಮಾರು 1,600 ಮೀಟರ್. 1981ರ ಆಗಸ್ಟ್ 19ರಂದು ಮಳೆಯಲ್ಲಿ ಇಳಿದ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಅದೇ ರನ್‌ವೇಯ ಅಂಚು ದಾಟಿ ನಿಂತಿತು. ಅದೂ ಟರ್ಬೊಪ್ರಾಪ್, ಕಾನ್ಪುರದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾತಿಯದ್ದು. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ವಿಮಾನ ಮಾತ್ರ ಮತ್ತೆ ಹಾರಲಿಲ್ಲ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಅದೇ ವರ್ಷ ಗಲ್ಫ್‌ಗೆ ನೇರ ವಿಮಾನವೂ ಆರಂಭವಾಯಿತು.

ಆಮೇಲೆ 2010ರ ಮೇ 22. ಆ ದಿನ ಬೆಳಿಗ್ಗೆ ನೀವು ಎಲ್ಲಿದ್ದಿರಿ ಎಂದು ನಿಮಗೆ ಖಂಡಿತ ನೆನಪಿರುತ್ತದೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. 166 ಮಂದಿಯಲ್ಲಿ ಉಳಿದವರು ಎಂಟು. ಕಾಸರಗೋಡಿನಿಂದ ಭಟ್ಕಳದವರೆಗೆ ದುಃಖ ತಟ್ಟದ ಊರಿರಲಿಲ್ಲ. ಗುರುತು ಸಿಗದ 12 ಮಂದಿಯನ್ನು ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ ಸಾಮೂಹಿಕವಾಗಿ ಮಣ್ಣು ಮಾಡಲಾಯಿತು. ಅಲ್ಲಿ ಈಗ ಸ್ಮಾರಕವಿದೆ.

ಅದು ಬೋಯಿಂಗ್ 737, ಜೆಟ್. ಆದರೂ ನಾನು ಇಷ್ಟು ಹೊತ್ತು ಹೇಳಿದ ಲೆಕ್ಕವನ್ನು ಅಲ್ಲಿಗೆ ಒಯ್ದು ನೋಡಿ. ವಿಮಾನ 37,000 ಅಡಿಯಲ್ಲಿತ್ತು. ಮೂವತ್ತೇಳು ಮೂರಲಿ ನೂರ ಹನ್ನೊಂದು ಮೈಲು. ಆದರೆ ಇಳಿಕೆ ಆರಂಭವಾದದ್ದು ನಿಲ್ದಾಣಕ್ಕೆ 77 ನಾಟಿಕಲ್ ಮೈಲು ಇರುವಾಗ. ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಬೇಗ ಇಳಿಯುವ ಅನುಮತಿ ಸಿಗಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರೆಂದು ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ತನಿಖಾ ವರದಿ ಹೇಳಿತು. ರನ್‌ವೇ ಹತ್ತಿರವಾದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿತ್ತು. ಆಗ ಅದನ್ನು ಕೆಳಕ್ಕೆ ಒತ್ತಿದರು. ಇಳಿಕೆ ನಿಮಿಷಕ್ಕೆ 4,000 ಅಡಿಯ ಹತ್ತಿರ ಹೋಯಿತು. ಯಂತ್ರ ಎಚ್ಚರಿಸಿತು. ಸಹ ಪೈಲಟ್ ಮೂರು ಬಾರಿ, ಮತ್ತೆ ಮೇಲೇರೋಣ ಎಂದು ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ರನ್‌ವೇಯ ಮೂರನೇ ಎರಡು ಪಾಲಿನ ಹತ್ತಿರ ಹೋಗಿ ಚಕ್ರ ನೆಲ ಮುಟ್ಟಿತು, ಉಳಿದದ್ದು ಸುಮಾರು 850 ಮೀಟರ್. ಬ್ರೇಕ್ ಹಾಕಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಹಾರಲು ನೋಡಿದರು. ಅಷ್ಟರಲ್ಲಿ ಗುಡ್ಡ ಮುಗಿದಿತ್ತು.

ನಾನು ಆ ವರದಿಯ ವಿವರ ಓದುತ್ತಾ ಸಹ ಪೈಲಟ್‌ನ ಆ ಮೂರು ಮಾತಿನ ಬಳಿ ಬಹಳ ಹೊತ್ತು ನಿಂತೆ. ಅವರಿಗೆ ಗೊತ್ತಿತ್ತು, ಅವರು ಹೇಳಿದರು ಕೂಡ. ಕಿರಿಯವನ ಮಾತು ಎಂದು ಹಿರಿಯರು ಕೇಳದಿರುವುದು ನಮ್ಮ ಮನೆಗಳಲ್ಲೂ ನಡೆಯುವುದೇ. ಇಲ್ಲಿ ಅದಕ್ಕೆ 158 ಜೀವಗಳು ಹೋದವು. 2020ರ ಆಗಸ್ಟ್ 7ರ ರಾತ್ರಿ ಮಳೆಯಲ್ಲಿ ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ, ಅದೂ ಗುಡ್ಡದ ರನ್‌ವೇಯೇ, ವಿಮಾನವೊಂದು ಅರ್ಧದಷ್ಟು ರನ್‌ವೇ ದಾಟಿ ಇಳಿದು ಕೆಳಗೆ ಉರುಳಿತು. 21 ಮಂದಿ ತೀರಿಕೊಂಡರು.

ಈಗ ಪೈಲಟ್‌ಗಳಿಗೆ ಕಟ್ಟುನಿಟ್ಟಾಗಿ ಕಲಿಸುವ ಒಂದು ನಿಯಮವಿದೆ. ಮೋಡವಿದ್ದರೆ ನೆಲದಿಂದ 1,000 ಅಡಿ ಎತ್ತರದಲ್ಲಿ, ತಿಳಿ ಆಕಾಶವಿದ್ದರೆ 500 ಅಡಿಯಲ್ಲಿ ಎಲ್ಲವೂ ಸರಿಯಿರಬೇಕು. ಚಕ್ರ ಹೊರಗಿರಬೇಕು, ಫ್ಲಾಪ್ ಇಳಿದಿರಬೇಕು, ವೇಗ ನಿಗದಿಯಷ್ಟಿರಬೇಕು, ಇಳಿಕೆ ನಿಮಿಷಕ್ಕೆ 1,000 ಅಡಿ ಮೀರಬಾರದು. ಇದರಲ್ಲಿ ಒಂದು ತಪ್ಪಿದರೂ ಚರ್ಚೆಯಿಲ್ಲ, ಮೇಲೇರಬೇಕು. ಎಲ್ಲ ಸರಿಯಿದ್ದು ಕೊನೆಗೆ ಸುಮಾರು 200 ಅಡಿಯಲ್ಲಿ ರನ್‌ವೇಯ ದೀಪ ಕಾಣದಿದ್ದರೂ ಮೇಲೇರಬೇಕು. 200 ಅಡಿ ಎಂದರೆ ಎರಡು ಎತ್ತರದ ತೆಂಗಿನ ಮರಗಳಷ್ಟು. ಅಕ್ಕ ತೆಂಗಿನ ತಲೆ ಕಂಡದ್ದು ಅಲ್ಲಿಂದ. ಅವಳಿಗೆ ಕಂಡದ್ದು ಕಿಟಕಿಯಿಂದ ನೇರ ಕೆಳಗೆ. ಪೈಲಟ್‌ಗೆ ಬೇಕಾದದ್ದು ಮುಂದೆ ಕಾಣುವುದು.

ಈ ನಿಯಮ ಕಾಗದದ ಮೇಲೆ ಎಷ್ಟು ಸುಲಭವೋ ಪಾಲಿಸುವುದು ಅಷ್ಟೇ ಕಷ್ಟ. ಹೀಗೆ ಇಳಿಕೆ ತಪ್ಪಿದ ಸಂದರ್ಭಗಳಲ್ಲಿ ನೂರಕ್ಕೆ ಮೂರರಷ್ಟು ಪೈಲಟ್‌ಗಳು ಮಾತ್ರ ಮೇಲೇರುತ್ತಾರೆ, ಉಳಿದವರು ಹೇಗೋ ಇಳಿಸಿಬಿಡುತ್ತಾರೆ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಅಧ್ಯಯನ ಕಂಡುಕೊಂಡಿದೆ. ಹೆಚ್ಚಿನವರು ಸುರಕ್ಷಿತವಾಗಿಯೇ ಇಳಿಯುತ್ತಾರೆ. ಅದೇ ಧೈರ್ಯ ಕೊಡುವುದು ತಾನೇ? ಮೇಲೇರಿದರೆ ತಡ, ಇಂಧನದ ಖರ್ಚು, ಕೆಳಗೆ ಕಾಯುವವರ ಮುನಿಸು, ಒಳಗೆ ಕೂತವರ ಗೊಣಗಾಟ. ಉಮ್ಮನ ಮುಖ ನೋಡಲು ಬಂದವಳ ಕಣ್ಣೀರೂ ಅದರಲ್ಲಿ ಇರಬಹುದೆಂದು ಕಾಕ್‌ಪಿಟ್‌ನಲ್ಲಿದ್ದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಅದನ್ನೇ ಮಾಡಬೇಕಿತ್ತು ಎಂದು ಈಗ ನನಗೆ ಅನಿಸುತ್ತದೆ. ಇದನ್ನು ಬರೆಯುವಷ್ಟು ಸುಲಭವಾಗಿ ನಾನು ಒಪ್ಪಿಕೊಳ್ಳಲಿಲ್ಲ ಎಂಬುದೂ ನಿಮಗೆ ತಿಳಿದಿರಲಿ.

ಪುಟ್ಟ ಮಕ್ಕಳ ತಾಯಂದಿರಿಗೆ ಒಂದು ಮಾತು ಹೇಳಿಬಿಡುತ್ತೇನೆ. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಮೆಲ್ಲಮೆಲ್ಲನೆ ಹೆಚ್ಚುತ್ತಾ ಬರುತ್ತದೆ. ಕಿವಿ ಅದಕ್ಕೆ ಹೊಂದಿಕೊಳ್ಳಬೇಕು. ನಾವಾದರೆ ಉಗುಳು ನುಂಗುತ್ತೇವೆ, ಆಕಳಿಸುತ್ತೇವೆ. ಮಗುವಿಗೆ ಅದು ತಿಳಿಯದು, ಕಿವಿ ನೋವಾಗಿ ಕಿರುಚುತ್ತದೆ. ಎಂಜಿನ್ನಿನ ಸದ್ದು ಬದಲಾದ ಕೂಡಲೇ, ಚಕ್ರ ಬಿಡುವವರೆಗೆ ಕಾಯದೆ, ನಿದ್ದೆ ಮಾಡಿದ ಮಗುವನ್ನು ಎಬ್ಬಿಸಿ ಹಾಲುಣಿಸಿ, ಅಥವಾ ಬಾಟಲಿ ಕೊಡಿ. ದೊಡ್ಡ ಮಕ್ಕಳಿಗೆ ಚೀಪಲು ಮಿಠಾಯಿ ಸಾಕು. ಜೋರು ನೆಗಡಿಯಿದ್ದರೆ ಪ್ರಯಾಣಕ್ಕೆ ಮೊದಲು ವೈದ್ಯರಿಗೆ ತೋರಿಸಿ.

ನಿಮ್ಮ ಮನೆಯ ಹುಡುಗಿಗೆ ಈ ಮೂರರ ಮಗ್ಗಿ ಹಿಡಿಸಿದರೆ ಅವಳನ್ನು ಗದರಬೇಡಿ. ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಜಗತ್ತಿನ ಸರಾಸರಿಗಿಂತ ನಮ್ಮ ದೇಶದಲ್ಲಿ ಬಹಳ ಹೆಚ್ಚು. ನನ್ನ ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನಲ್ಲಿ ಎರಡು ಜಡೆಗಳು ನೆಟ್ಟಗೆ ಎದ್ದು ಕೂತವು.

ಕಳೆದ ವರ್ಷ ಅಕ್ಕ ಮತ್ತೆ ಬೆಂಗಳೂರಿನ ದಾರಿಯಲ್ಲಿ, ಅಂತಹದೇ ಫ್ಯಾನಿನ ವಿಮಾನದಲ್ಲಿ ಬಂದಳು. ಡಿಸೆಂಬರ್ ತಿಂಗಳು, ಮೋಡವಿರಲಿಲ್ಲ. ಘಟ್ಟದ ಮೇಲೆ ಸದ್ದು ಬದಲಾದಾಗ ಪಕ್ಕದಲ್ಲಿದ್ದ ಎಳೆಯ ತಾಯಿಗೆ ಮಗುವನ್ನು ಎಬ್ಬಿಸುವಂತೆ ಹೇಳಿದಳಂತೆ. "ಇದು ಎರಡನೇ ಗೇರು, ಹೆದರಬೇಡ" ಎಂದಳಂತೆ. ಅಸರ್ ಹೊತ್ತಿಗೆ ಮಂಗಳೂರು, ಮಗ್ರಿಬ್ ಕಳೆದು ಸ್ವಲ್ಪ ಹೊತ್ತಿಗೆ ಪಂಜ. ಸರಿಯಾಗಿ ನಾವು ಅಂದು ಲೆಕ್ಕ ಹಾಕಿದ ಹೊತ್ತಿಗೇ ಅವಳು ಅಂಗಳದಲ್ಲಿ ಕಾರಿನಿಂದಿಳಿದಳು. ಚಪ್ಪಲಿ ಕಳಚಿ ನೇರ ಉಮ್ಮನ ಕೋಣೆಗೆ ಹೋಗಿ, ಖಾಲಿ ಮಂಚದ ತುದಿಯಲ್ಲಿ ಕೂತುಕೊಂಡಳು. ನಾನು ಚಹಾಕ್ಕೆ ನೀರಿಟ್ಟೆ.